ಕಷ್ಟಕಾಲದಲ್ಲಿ ಸಂಜೆಯ ಪ್ರಾರ್ಥನೆ: ಮಾತು ಹೊರಡದ ಮನೆಗೆ ಧರ್ಮಸಭೆ ಕೊಡುವ ಮಾತು

ಆಮೊರಿಯ ಗಂಟೆ ಬಾರಿಸಿದ ಮೇಲೆ ದೀಪ ಹಚ್ಚಿ, ಆಲ್ತಾರಿನ ಮುಂದೆ ಮನೆಮಂದಿ ಸೇರಿ ತೇರ್ಸ್ ಹೇಳುವುದು, ಬಳಿಕ ಕಿರಿಯರು ಹಿರಿಯರಿಂದ ಬೆಸಾಂವ್ ಪಡೆಯುವುದು ಕರಾವಳಿಯ ಕಥೋಲಿಕ ಕುಟುಂಬಗಳ ಹಳೆಯ ಪದ್ಧತಿ. ಕೆಲವು ಮನೆಗಳಲ್ಲಿ ಇದು ಇಂದಿಗೂ ತಪ್ಪಿಲ್ಲ. ಇನ್ನು ಕೆಲವೆಡೆ ಟಿ.ವಿ. ಧಾರಾವಾಹಿ ಮತ್ತು ಮೊಬೈಲಿನ ನಡುವೆ ಹೇಗೋ ಉಳಿದುಕೊಂಡಿದೆ. ಉದಾಸೀನದಿಂದ ಪ್ರಾರ್ಥನೆ ನಿಂತ ಮನೆಗಳ ಬಗ್ಗೆ ಪ್ರಬೋಧನೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ಹೇಳಹೊರಟಿರುವುದು ಬೇರೊಂದು ಬಗೆಯ ಮನೆಯ ವಿಷಯ. ದೊಡ್ಡ ಕಷ್ಟ ಬಂದುದರಿಂದಲೇ ಸಂಜೆಯ ಪ್ರಾರ್ಥನೆ ನಿಂತುಹೋದ ಮನೆ ಅದು. ಮಗ ಅಪಘಾತದಲ್ಲಿ ತೀರಿಕೊಂಡಿರಬಹುದು, ದೋಣಿಯ ಸಾಲ ಕಟ್ಟಲಾಗದೆ ಇರಬಹುದು, ಗಲ್ಫಿನ ಕೆಲಸ ಹೋಗಿರಬಹುದು, ತಾಯಿಗೆ ಕ್ಯಾನ್ಸರ್ ಎಂದು ತಿಳಿದಿರಬಹುದು. ಅಂತಹ ಮನೆಯಲ್ಲಿ ಜಪಸರ ಮೊಳೆಗೆ ತೂಗುಹಾಕಿದಲ್ಲೇ ಇರುತ್ತದೆ. ಪ್ರಾರ್ಥನೆ ಬೇಡ ಎಂದು ಯಾರೂ ಹೇಳಿಲ್ಲ. ಆದರೆ ಶಿಲುಬೆಯ ಗುರುತು ಹಾಕಿ ಮೊದಲ ವಾಕ್ಯ ಹೇಳುವ ಧೈರ್ಯ ಯಾರಿಗೂ ಇಲ್ಲ.

ವಾಳೆಯ ಗುರಿಕಾರರು, ಧರ್ಮಭಗಿನಿಯರು, ಕಿರು ಕ್ರೈಸ್ತ ಸಮುದಾಯದ ಕಾರ್ಯಕರ್ತರು ಇಂತಹ ಮನೆಗಳಿಗೆ ಹೋದಾಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಮನಸ್ಸೇ ಇಲ್ಲದೆ ಬಾಯಿಯಲ್ಲಿ ಹೇಳಿದರೆ ಅದು ಪ್ರಾರ್ಥನೆಯಾಗುತ್ತದೆಯೇ?" ಪ್ರಶ್ನೆ ಪ್ರಾಮಾಣಿಕವಾದುದು, ಅದನ್ನು ತಳ್ಳಿಹಾಕಬಾರದು. ಧರ್ಮಸಭೆಯ ಸಂಜೆಯ ಮತ್ತು ರಾತ್ರಿಯ ಪ್ರಾರ್ಥನೆಗಳು ರೂಪುಗೊಂಡ ಬಗೆಯಲ್ಲೇ ಇದಕ್ಕೆ ಉತ್ತರವಿದೆ. ಸ್ವಂತ ಮಾತು ಹೊರಡದವನಿಗೆ ಅವು ಮಾತನ್ನು ಎರವಲು ಕೊಡುತ್ತವೆ.

ಗೆತ್ಸೆಮನೆಯ ರಾತ್ರಿ

ಇದಕ್ಕೆ ಮೊದಲ ಸಾಕ್ಷಿ ಪ್ರಭು ಯೇಸುವೇ. ಕೊನೆಯ ಭೋಜನ ಮುಗಿದ ಮೇಲೆ ಅವರು ಶಿಷ್ಯರೊಂದಿಗೆ ಕೀರ್ತನೆ ಹಾಡಿ ಓಲಿವ್ ಗುಡ್ಡಕ್ಕೆ ಹೋದರೆಂದು ಸಂತ ಮತ್ತಾಯರು ಬರೆಯುತ್ತಾರೆ. ಅಲ್ಲಿ ಅವರು ಮೂರು ಬಾರಿ ಪ್ರಾರ್ಥಿಸಿದರು. ಮೂರನೆಯ ಸಲವೂ ಹಿಂದಿನ ಮಾತುಗಳನ್ನೇ ಮತ್ತೆ ಹೇಳಿದರು ಎಂಬುದನ್ನು ಶುಭಸಂದೇಶಕಾರರು ಬಿಡದೆ ದಾಖಲಿಸಿದ್ದಾರೆ. ಸಂಕಟದ ಆ ರಾತ್ರಿಯಲ್ಲಿ ದೇವಪುತ್ರನೂ ಪ್ರಾರ್ಥನೆಗೆ ಹೊಸ ವಾಕ್ಯಗಳನ್ನು ಹುಡುಕಲಿಲ್ಲ. ಮರುದಿನ ಶಿಲುಬೆಯ ಮೇಲೆ ಅವರ ಬಾಯಿಂದ ಬಂದ ಎರಡು ಪ್ರಾರ್ಥನೆಗಳು 22ನೆಯ ಮತ್ತು 31ನೆಯ ಕೀರ್ತನೆಗಳ ಮಾತುಗಳು, ಅಂದರೆ ಇಸ್ರಯೇಲರು ತಲೆತಲಾಂತರದಿಂದ ಹೇಳಿಕೊಂಡು ಬಂದವು. ಅನ್ಯರಂತೆ ಸುಮ್ಮನೆ ಮಾತು ಬೆಳೆಸಬೇಡಿ ಎಂದು ಅದೇ ಮತ್ತಾಯರ ಶುಭಸಂದೇಶದಲ್ಲಿ ಎಚ್ಚರಿಕೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೆಚ್ಚು ಮಾತಾಡಿದರೆ ದೇವರು ಒಲಿಯುತ್ತಾನೆಂಬ ಲೆಕ್ಕಾಚಾರದ ವಿರುದ್ಧ ಕೊಟ್ಟ ಎಚ್ಚರಿಕೆ ಅದು. ನೋವಿನಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವವನನ್ನು ಕುರಿತದ್ದಲ್ಲ.

ಸಂಜೆಯ ದೀಪ

ಕತ್ತಲಾಗುವ ಹೊತ್ತಿನಲ್ಲಿ ಪ್ರಾರ್ಥಿಸುವುದು ಧರ್ಮಸಭೆಗಿಂತಲೂ ಹಳೆಯದು. ಜೆರುಸಲೇಮಿನ ದೇವಾಲಯದಲ್ಲಿ ಸಂಜೆಯ ಬಲಿ ಮತ್ತು ಧೂಪಾರತಿ ನಡೆಯುತ್ತಿದ್ದವು. ಎತ್ತಿದ ಕೈಗಳನ್ನು ಸಂಜೆಯ ಬಲಿಗೆ ಹೋಲಿಸುವ 141ನೆಯ ಕೀರ್ತನೆ ಆ ನೆನಪನ್ನು ಹೊತ್ತಿದೆ. ಕ್ರೈಸ್ತರು ಮೊದಲಿನಿಂದಲೂ ಅದನ್ನು ಸಂಜೆಗೆ ಬಳಸುತ್ತಾ ಬಂದಿದ್ದಾರೆ.

4ನೆಯ ಶತಮಾನದ ಕೊನೆಯಲ್ಲಿ ಪಶ್ಚಿಮದಿಂದ ಪವಿತ್ರ ನಾಡಿಗೆ ಯಾತ್ರೆ ಹೋದ ಎಜೇರಿಯಾ ಎಂಬ ಮಹಿಳೆ, ಜೆರುಸಲೇಮಿನ ಪುನರುತ್ಥಾನದ ದೇವಾಲಯದಲ್ಲಿ ನಿತ್ಯ ನಡೆಯುತ್ತಿದ್ದ ದೀಪದ ಹೊತ್ತಿನ ಪ್ರಾರ್ಥನೆಯನ್ನು ವಿವರವಾಗಿ ಬರೆದಿಟ್ಟಿದ್ದಾಳೆ. ಆ ದೀಪಗಳಿಗೆ ಬೆಂಕಿಯನ್ನು ಹೊರಗಿನಿಂದ ತರುತ್ತಿರಲಿಲ್ಲವಂತೆ. ಪ್ರಭುವಿನ ಸಮಾಧಿಯ ಗುಹೆಯಲ್ಲಿ ಹಗಲಿರುಳು ಉರಿಯುತ್ತಿದ್ದ ದೀಪದಿಂದಲೇ ಉಳಿದೆಲ್ಲ ದೀಪಗಳನ್ನು ಹಚ್ಚುತ್ತಿದ್ದರು. ಬಳಿಕ ಉಪಯಾಜಕನು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಂತೆ, ಅಲ್ಲಿ ನಿಂತಿರುತ್ತಿದ್ದ ಬಹಳಷ್ಟು ಮಕ್ಕಳು ಪ್ರತಿ ಹೆಸರಿಗೂ ಕರುಣೆ ಬೇಡುವ ಎರಡೇ ಪದಗಳಲ್ಲಿ ಉತ್ತರ ಕೊಡುತ್ತಿದ್ದರು. ಹೆಸರು ಹೇಳುವುದು ಮತ್ತು ಕರುಣೆ ಬೇಡುವುದು, ಇಷ್ಟೇ. ಮಾತು ಹೊರಡದ ಮನೆಯಲ್ಲಿ ಇದನ್ನು ಯಾವ ಪುಸ್ತಕವೂ ಇಲ್ಲದೆ ಮಾಡಬಹುದು. ಮಕ್ಕಳನ್ನು ಇದರಲ್ಲಿ ಸೇರಿಸಿಕೊಳ್ಳಬಹುದು ಎಂಬುದಕ್ಕೆ ಇಷ್ಟು ಹಳೆಯ ಆಧಾರವಿದೆ.

ವೆಸ್ಪರ್ಸ್ ಎಂದು ಕರೆಯುವ ಈಗಿನ ಸಂಧ್ಯಾ ಪ್ರಾರ್ಥನೆಯಲ್ಲಿ ಕೀರ್ತನೆಗಳು, ಸಣ್ಣ ವಾಚನ, ಮಾತೆ ಮರಿಯಳ ಸ್ತುತಿಗೀತೆ, ಬಿನ್ನಹಗಳು, ಪ್ರಭು ಕಲಿಸಿದ ಪ್ರಾರ್ಥನೆ ಇರುತ್ತವೆ. ಭಾನುವಾರ ಮತ್ತು ದೊಡ್ಡ ಹಬ್ಬಗಳಂದು ಇದನ್ನು ಇಗರ್ಜಿಯಲ್ಲಿ ಜನರೊಂದಿಗೆ ಆಚರಿಸುವಂತೆ ನೋಡಿಕೊಳ್ಳಬೇಕೆಂದು 2ನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಎಷ್ಟು ಕಡೆ ನಡೆಯುತ್ತಿದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ತಗ್ಗಿಸಬೇಕಾದೀತು. ಅದಿರಲಿ. ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ನಿಯಮ ಇಲ್ಲಿದೆ: ಸಂಧ್ಯಾ ಪ್ರಾರ್ಥನೆಯ ಬಿನ್ನಹಗಳಲ್ಲಿ ಕೊನೆಯದು ಯಾವಾಗಲೂ ಮೃತರಿಗಾಗಿ. ಹಬ್ಬವಿರಲಿ, ಸಾಮಾನ್ಯ ದಿನವಿರಲಿ, ತೀರಿಕೊಂಡವರನ್ನು ನೆನೆಯದೆ ಧರ್ಮಸಭೆಯ ಸಂಜೆ ಮುಗಿಯುವುದಿಲ್ಲ. ಸಾವಾದ ಮನೆಯಲ್ಲಿ ಆ ಹೆಸರನ್ನು ಎತ್ತಿದರೆ ಅಳು ಬರುತ್ತದೆಂದು ಎಲ್ಲರೂ ಬಾಯಿ ಕಟ್ಟಿಕೊಂಡು ಇರುವುದುಂಟು. ಪ್ರಾರ್ಥನೆಯಲ್ಲಿ ಆ ಹೆಸರಿಗೆ ಖಾಯಂ ಜಾಗವಿದ್ದರೆ, ಬೇರೆ ಹೊತ್ತಿನಲ್ಲಿ ಆಡಲಾಗದ ಮಾತು ಅಲ್ಲಿಯಾದರೂ ಆಡಿದಂತಾಗುತ್ತದೆ.

ರಾತ್ರಿ ಪ್ರಾರ್ಥನೆ ಮತ್ತು 88ನೆಯ ಕೀರ್ತನೆ

ಸಂಧ್ಯಾ ಪ್ರಾರ್ಥನೆಯ ನಂತರ, ಮಲಗುವ ಮೊದಲು ಹೇಳುವುದು ರಾತ್ರಿ ಪ್ರಾರ್ಥನೆ, ಅಂದರೆ ಕಂಪ್ಲಿನ್. ಕಷ್ಟದಲ್ಲಿರುವವರಿಗೆ ಇದಕ್ಕಿಂತ ಹೊಂದುವ ಪ್ರಾರ್ಥನೆ ಬೇರೊಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಹೇಳಲು ಹತ್ತು ನಿಮಿಷ ಸಾಕು. ಆತ್ಮಪರಿಶೀಲನೆ, ಒಂದು ಅಥವಾ ಎರಡು ಕೀರ್ತನೆ, ಒಂದೆರಡು ಸಾಲಿನ ವಾಚನ, ತನ್ನನ್ನು ದೇವರ ಕೈಗೆ ಒಪ್ಪಿಸುವ ಪ್ರತಿವಚನ, ವೃದ್ಧ ಸಿಮೆಯೋನನ ಗೀತೆ, ಕೊನೆಗೆ ಮಾತೆ ಮರಿಯಳಿಗೆ ಒಂದು ಗೀತೆ. ಆ ಪ್ರತಿವಚನ 31ನೆಯ ಕೀರ್ತನೆಯದು, ಪ್ರಭು ಶಿಲುಬೆಯ ಮೇಲೆ ಹೇಳಿದ್ದೂ ಅದನ್ನೇ.

ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ತಮ್ಮ ಮಠವಾಸಿಗಳಿಗೆ ಬರೆದ ನಿಯಮದಲ್ಲಿ ಕಂಪ್ಲಿನ್‌ಗೆ ಪ್ರತಿ ರಾತ್ರಿಯೂ ಅದೇ ಮೂರು ಕೀರ್ತನೆಗಳನ್ನು ಗೊತ್ತುಮಾಡಿದರು: ಈಗಿನ ಎಣಿಕೆಯಂತೆ 4, 91 ಮತ್ತು 134. ಪ್ರತಿದಿನ ಅವೇ ಆದರೆ ಬಾಯಿಪಾಠವಾಗುತ್ತದೆ. ಬಾಯಿಪಾಠವಾದರೆ ಪುಸ್ತಕ ಬೇಡ, ಬೆಳಕೂ ಬೇಡ. ಇಂದಿನ ಬ್ರೆವಿಯರಿಯಲ್ಲಿ ವಾರದ ದಿನಗಳಿಗೆ ಬೇರೆ ಬೇರೆ ಕೀರ್ತನೆಗಳಿದ್ದರೂ, ನೆನಪಿನಿಂದ ಹೇಳಲು ಬಯಸುವವರಿಗೆ ಅನುಕೂಲವಾಗಲೆಂದು ಯಾವ ದಿನವಾದರೂ ಭಾನುವಾರದ ಕೀರ್ತನೆಗಳನ್ನೇ ಹೇಳಬಹುದೆಂದು ನಿಯಮಾವಳಿ ಅನುಮತಿಸುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕ ನೆಲದ ಮೇಲೆ ಮಲಗಿ ರಾತ್ರಿ ಕಳೆಯುವವರಿಗೆ ಇದರ ಬೆಲೆ ಗೊತ್ತು. ದೀಪ ಆರಿಸಿದ ಮೇಲೆ ಬಾಯಲ್ಲಿರುವುದಷ್ಟೇ ಉಳಿಯುತ್ತದೆ. ಬಾಯಿಪಾಠ ಎಂದರೆ ಈಗ ತಾತ್ಸಾರ ಮಾಡುವವರಿದ್ದಾರೆ, ಆದರೆ ಅಂತಹ ರಾತ್ರಿಗಳಲ್ಲಿ ಕೈಹಿಡಿಯುವುದು ಅದೇ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಗೊತ್ತುಮಾಡಿರುವುದು 88ನೆಯ ಕೀರ್ತನೆ. ಕೀರ್ತನೆಗಳ ಗ್ರಂಥದಲ್ಲಿ ಗೋಳಾಟದ ಕೀರ್ತನೆಗಳು ಹಲವಿವೆ. ಸಾಮಾನ್ಯವಾಗಿ ಅವು ಅಳುವಿನಿಂದ ಆರಂಭವಾದರೂ ಕೊನೆಯ ಹೊತ್ತಿಗೆ ಭರವಸೆಯ ಕಡೆಗೆ ತಿರುಗುತ್ತವೆ. 88 ಹಾಗೆ ತಿರುಗುವುದೇ ಇಲ್ಲ. ಗೆಳೆಯರು ದೂರವಾದರು, ದೇವರು ಮುಖ ಮರೆಮಾಡಿದ, ಉಳಿದದ್ದು ಕತ್ತಲೆ ಎಂಬಲ್ಲಿಗೆ ಮುಗಿದುಬಿಡುತ್ತದೆ. ರಾತ್ರಿಯ ಕೀರ್ತನೆಗಳು ಭರವಸೆ ತುಂಬಿದವಾಗಿರಬೇಕೆಂದು ಹೇಳುವ ಧರ್ಮಸಭೆಯೇ, ಪ್ರಭು ಮರಣವನ್ನಪ್ಪಿದ ವಾರದ ದಿನಕ್ಕೆ ಇದನ್ನು ಇಟ್ಟಿದೆ. ದೇವರ ಮೇಲೆ ದೂರು ಹೇಳುವುದು ಪಾಪವಲ್ಲವೇ ಎಂದು ಕೇಳುವ ತಾಯಂದಿರಿಗೆ ಈ ಕೀರ್ತನೆಯನ್ನು ಬೈಬಲಿನಲ್ಲಿ ತೆರೆದು ತೋರಿಸಬಹುದು. ದೂರು ಹೇಳುತ್ತಿರುವುದು ದೇವರಿಗೇ. ಅವನ ಎದುರು ನಿಂತೇ ಹೇಳುವ ದೂರು ಅದು, ಆದ್ದರಿಂದಲೇ ಪ್ರಾರ್ಥನೆ.

ಎದುರು ಪ್ರಶ್ನೆಯೂ ಉಂಟು: ನನ್ನ ಮನೆಯಲ್ಲಿ ದುಃಖವಿರುವಾಗ ಸಂತೋಷದ ಕೀರ್ತನೆ ಹೇಗೆ ಹೇಳಲಿ? ಕೀರ್ತನೆಯನ್ನು ಹೇಳುವವನು ತನ್ನ ಹೆಸರಿನಲ್ಲಿ ಮಾತ್ರ ಹೇಳುವುದಿಲ್ಲ, ಇಡೀ ಕ್ರಿಸ್ತದೇಹದ ಹೆಸರಿನಲ್ಲಿ ಹೇಳುತ್ತಾನೆ ಎಂಬುದು ನಿಯಮಾವಳಿಯ ವಿವರಣೆ. ಇಂದು ನಾನು ಅಳುತ್ತಿದ್ದರೂ ಎಲ್ಲೋ ಒಬ್ಬರು ನಲಿಯುತ್ತಿದ್ದಾರೆ, ಅವರ ಪರವಾಗಿ ನಾನು ಹೇಳುತ್ತೇನೆ. ಹಾಗೆಯೇ ನಾನು ಬಾಯಿ ತೆರೆಯಲಾರದ ದಿನ ನನ್ನ ಪರವಾಗಿ ಬೇರೊಬ್ಬರು ಹೇಳುತ್ತಿರುತ್ತಾರೆ.

ತೇರ್ಸ್ ಬಗ್ಗೆ

ತೇರ್ಸ್ ಎಂಬ ಪದ ಪೋರ್ಚುಗೀಸ್ ಮೂಲದ್ದು. ಮೂರನೆಯ ಒಂದು ಭಾಗ ಎಂದು ಅದರ ಅರ್ಥ. ಹದಿನೈದು ರಹಸ್ಯಗಳಲ್ಲಿ ಐದನ್ನು ಹೇಳುವುದರಿಂದ ಈ ಹೆಸರು ಬಂತು. ಪೋಪ್ 2ನೆಯ ಜಾನ್ ಪಾಲ್ 2002ರ ಅಕ್ಟೋಬರ್ 16ರಂದು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಲೆಕ್ಕದಲ್ಲಿ ಅದು ನಾಲ್ಕನೆಯ ಒಂದು ಭಾಗವಾಗಿದೆ, ಆದರೂ ನಮ್ಮ ಅಜ್ಜಿಯರು ಹೆಸರು ಬದಲಿಸಲು ಒಪ್ಪಲಿಕ್ಕಿಲ್ಲ.

ಕಷ್ಟದಲ್ಲಿರುವ ಮನೆಗೆ ಆ ಪತ್ರದಿಂದ ಉಪಯುಕ್ತವಾದ ಒಂದು ಅಂಶವಿದೆ. ಯಾವ ದಿನ ಯಾವ ರಹಸ್ಯ ಎಂಬ ಹಂಚಿಕೆ ಕಟ್ಟುನಿಟ್ಟಿನದ್ದಲ್ಲ, ಕುಟುಂಬದ ಆಧ್ಯಾತ್ಮಿಕ ಅಗತ್ಯ ನೋಡಿ ಬದಲಿಸಲು ಸ್ವಾತಂತ್ರ್ಯವಿದೆ. ಆದ್ದರಿಂದ ಮಗುವನ್ನು ಕಳೆದುಕೊಂಡ ಮನೆಯಲ್ಲಿ ಸೋಮವಾರ ಬಂತೆಂದು ಹರ್ಷದ ರಹಸ್ಯಗಳನ್ನೇ, ಅಂದರೆ ಯೇಸುವಿನ ಜನನವನ್ನೇ ಧ್ಯಾನಿಸಬೇಕೆಂದು ಪಟ್ಟುಹಿಡಿಯಬೇಕಾಗಿಲ್ಲ. ಹಾಗೆಂದು ತಿಂಗಳುಗಟ್ಟಲೆ ದುಃಖದ ರಹಸ್ಯಗಳಲ್ಲೇ ನಿಲ್ಲಿಸಿಬಿಡುವುದೂ ಸರಿಯಲ್ಲ. ಮನೆಯವರ ಮುಖ ನೋಡಿ ತಿಳಿದುಕೊಳ್ಳಬೇಕು.

ಜಪಸರದಲ್ಲಿ ಮನಸ್ಸು ನಿಲ್ಲುವುದಿಲ್ಲ ಎನ್ನುವವರು ಲಿಸಿಯುವಿನ ಸಂತ ತೆರೇಸರನ್ನು ನೆನೆಯಬಹುದು. 24ರ ಪ್ರಾಯದಲ್ಲಿ 1897ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಈ ಕಾರ್ಮೆಲ್ ಸನ್ಯಾಸಿನಿಯ ಕೊನೆಯ ಒಂದೂವರೆ ವರ್ಷ ವಿಶ್ವಾಸದ ಗಾಢ ಕತ್ತಲೆಯಲ್ಲಿ ಕಳೆಯಿತು. ಒಬ್ಬಳೇ ಜಪಸರ ಹೇಳುವುದು ತನಗೆ ದೇಹದಂಡನೆಗಿಂತಲೂ ಕಷ್ಟವೆಂದು ಅವರೇ ಬರೆದಿದ್ದಾರೆ. ಸಮುದಾಯದೊಂದಿಗೆ ಸೇರಿ ಪ್ರಾರ್ಥಿಸುವಾಗ ಮಾತ್ರ ಸಹೋದರಿಯರ ಭಕ್ತಿ ತನ್ನ ಕೊರತೆಯನ್ನು ತುಂಬುತ್ತದೆ ಎಂಬ ಭಾವ ಅವರದು. ಮನಸ್ಸು ಪೂರ್ತಿ ಬತ್ತಿದಾಗ ಅವರು ಮಾಡುತ್ತಿದ್ದುದು ಇಷ್ಟೇ: ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ನಮೋ ಮರಿಯಾವನ್ನೂ ಒಂದೊಂದು ಸಲ, ಬಹಳ ನಿಧಾನವಾಗಿ ಹೇಳುವುದು. 1997ರಲ್ಲಿ ಧರ್ಮಸಭೆ ಅವರನ್ನು ತನ್ನ ಧರ್ಮಪಂಡಿತರ ಸಾಲಿಗೆ ಸೇರಿಸಿತು.

ಇಗರ್ಜಿಯ ಬಾಗಿಲು ಮುಚ್ಚಿದ್ದಾಗ

ಕರಾವಳಿಯ ಕ್ರೈಸ್ತರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುಹೋದ ನಮ್ಮ ಪೂರ್ವಜರಲ್ಲಿ ಬದುಕುಳಿದವರು 1799ರ ನಂತರವೇ ಊರಿಗೆ ಮರಳಿದರು. ಆ 15 ವರ್ಷಗಳ ನಂತರವೂ ಸಮುದಾಯ ವಿಶ್ವಾಸವನ್ನು ಉಳಿಸಿಕೊಂಡು ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿತು.

ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್ ಅವರನ್ನು 1975ರ ಆಗಸ್ಟ್ 15ರಂದು, ಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ, ಬಂಧಿಸಲಾಯಿತು. 13 ವರ್ಷಗಳ ಸೆರೆವಾಸದಲ್ಲಿ 9 ವರ್ಷ ಏಕಾಂತ ಸೆರೆ. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಅವರು ಬಲಿಪೂಜೆ ಅರ್ಪಿಸುತ್ತಿದ್ದುದನ್ನು ಹಲವರು ಕೇಳಿದ್ದೀರಿ. ಅಷ್ಟಾಗಿ ಯಾರೂ ಹೇಳದ ಮಾತೊಂದಿದೆ: ದಣಿವು ಮತ್ತು ಕಾಯಿಲೆಯ ಕೆಲವು ದಿನ ಒಂದೇ ಒಂದು ಪ್ರಾರ್ಥನೆಯನ್ನೂ ಪೂರ್ತಿ ಹೇಳಲು ತಮ್ಮಿಂದಾಗುತ್ತಿರಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಸೆರೆಯ ನಂತರ ಕಾರ್ಡಿನಲ್ ಆಗಿ, 2002ರಲ್ಲಿ ನಿಧನರಾದ, ಈಗ ಸಂತ ಪದವಿಯ ಹಾದಿಯಲ್ಲಿ ಪೂಜ್ಯರೆಂದು ಘೋಷಿತರಾದ ಧರ್ಮಾಧ್ಯಕ್ಷರ ಮಾತು ಇದು. ಪ್ರಾರ್ಥನೆ ಹೇಳಲಾಗುತ್ತಿಲ್ಲವೆಂದು ಕುಗ್ಗಿದ ಮನೆಯವರಿಗೆ ತಪ್ಪದೆ ಹೇಳಬೇಕಾದದ್ದು.

2020ರ ಲಾಕ್‌ಡೌನ್ ನಮಗೆಲ್ಲ ನೆನಪಿದೆ. ಮಾರ್ಚ್ 27ರ ಸಂಜೆ, ನಮ್ಮಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ, ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ತೊಯ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥನೆ ನಡೆಸಿದರು. ಅಂದು ಓದಿದ್ದು ಸಂತ ಮಾರ್ಕರ ಶುಭಸಂದೇಶದ 4ನೆಯ ಅಧ್ಯಾಯ: ಸಂಜೆಯಾದಾಗ ದೋಣಿ ಹೊರಟದ್ದು, ಬಿರುಗಾಳಿ ಎದ್ದದ್ದು, ಪ್ರಭು ನಿದ್ರಿಸುತ್ತಿದ್ದುದು. ಮೀನುಗಾರರ ಊರಿನವರಿಗೆ ಆ ವಾಚನವನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ನಿಂತುಹೋಗಿದ್ದ ತೇರ್ಸ್ ಎಷ್ಟೋ ಮನೆಗಳಲ್ಲಿ ಮತ್ತೆ ಆರಂಭವಾಯಿತು. ಇಗರ್ಜಿ ತೆರೆದ ಮೇಲೆ ಕೆಲವೆಡೆ ಮತ್ತೆ ನಿಂತಿತು ಎಂಬುದನ್ನೂ ಹೇಳಬೇಕು.

ಕಾರ್ಯಕರ್ತರ ಗಮನಕ್ಕೆ

ಸಾವಾದ ಮನೆಯಲ್ಲಿ ಮೊದಲ ಕೆಲವು ದಿನ ವಾಳೆಯವರು ಬಂದು ತೇರ್ಸ್ ಹೇಳುತ್ತಾರೆ. ತಿಂಗಳ ಪೂಜೆ ಮುಗಿದ ಮೇಲೆ ಯಾರೂ ಬರುವುದಿಲ್ಲ, ನಿಜವಾದ ಸಂಜೆಗಳು ಶುರುವಾಗುವುದು ಆಗ. ಗುರಿಕಾರರು ಎರಡನೆಯ ಮತ್ತು ಮೂರನೆಯ ತಿಂಗಳಲ್ಲಿ ವಾರಕ್ಕೊಂದು ಸಂಜೆ ಒಂದೆರಡು ಮನೆಯವರನ್ನು ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರೆ ಸಾಕು, ಇಡೀ ವಾಳೆ ಬೇಕಾಗಿಲ್ಲ. ಹೋದವರು ಪ್ರಾರ್ಥನೆಯನ್ನು ತಾವೇ ಆರಂಭಿಸಬೇಕು. ಮನೆಯವರು ಉತ್ತರ ಕೊಡದಿದ್ದರೆ ಅವರ ಪಾಲನ್ನೂ ತಾವೇ ಹೇಳಬೇಕು. ಚಹಾ ತಿಂಡಿಯ ಹೊರೆ ಹಾಕಬಾರದು. ದೇವರಿಗೆ ಬೇಕಾದವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂಬಂತಹ ಮಾತು ಬೇಡವೇ ಬೇಡ.

ಪ್ರಾರ್ಥನೆಯನ್ನು ಉದ್ದ ಮಾಡುವುದು ನಮ್ಮವರ ದೌರ್ಬಲ್ಯ. ತೇರ್ಸ್, ಲಿಟನಿ, ನೊವೆನಾ, ಊರಿನ ಎಲ್ಲ ಸಂತರಿಗೆ ಒಂದೊಂದು ಪ್ರಾರ್ಥನೆ ಸೇರಿಸುತ್ತಾ ಹೋದರೆ ರೋಗಿಯ ಮನೆಯಲ್ಲಿ ಅದು ಸೇವೆಯಾಗುವುದಿಲ್ಲ, ಶಿಕ್ಷೆಯಾಗುತ್ತದೆ. ಒಂದೇ ರಹಸ್ಯ, ಹತ್ತು ನಮೋ ಮರಿಯಾ, ಮನೆಯವರ ಹೆಸರುಗಳು, ಮೃತರ ಹೆಸರು, ಅಷ್ಟಕ್ಕೆ ನಿಲ್ಲಿಸಬಹುದು.

ಮಕ್ಕಳು ವಿದೇಶದಲ್ಲಿರುವ ಮನೆಗಳಲ್ಲಿ ವೃದ್ಧರು ಒಬ್ಬರೇ ಇರುತ್ತಾರೆ. ವಿಡಿಯೋ ಕರೆಯಲ್ಲಿ ಜೊತೆಗೂಡಿ ತೇರ್ಸ್ ಹೇಳುವುದು ಈಗ ಸುಲಭ. ನಮ್ಮ ಏಳೂವರೆ ಎಂದರೆ ದುಬೈಯಲ್ಲಿ ಆರು ಗಂಟೆ, ಕುವೈತಿನಲ್ಲಿ ಐದು. ಅಲ್ಲಿನವರ ಕೆಲಸದ ವೇಳೆ ನೋಡಿ ಎಂಟೂವರೆಗೆ ಇಟ್ಟುಕೊಂಡರೂ ತಪ್ಪಿಲ್ಲ. ದಿನವೂ ಆಗದಿದ್ದರೆ ಶನಿವಾರವಾದರೂ ಆಗಲಿ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ರೆಯಿಲ್ಲದೆ, ಊಟ ಬಿಟ್ಟು, ಬದುಕುವುದು ಬೇಡವೆಂದು ಮಾತಾಡುತ್ತಿದ್ದರೆ ಪ್ರಾರ್ಥನೆಯೊಂದೇ ಸಾಕೆಂದು ಹೇಳಿ ಬರಬಾರದು. ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಸಾಲದ ತೊಂದರೆಯಿದ್ದರೆ ಧರ್ಮಗುರುಗಳಿಗೂ ಪಾಲನಾ ಮಂಡಳಿಗೂ ಗುಟ್ಟಾಗಿ ತಿಳಿಸಬೇಕು, ತೇರ್ಸಿನ ಬಿನ್ನಹದಲ್ಲಿ ಹೆಸರೆತ್ತಿ ಊರಿಗೆಲ್ಲ ಸಾರಬಾರದು.

ಕೊನೆಗೆ ಬೆಸಾಂವ್ ವಿಷಯ. ತಂದೆ ತೀರಿಕೊಂಡ ಮನೆಗಳಲ್ಲಿ ತೇರ್ಸ್ ಮುಗಿದ ಮೇಲೆ ಮಕ್ಕಳು ಯಾರ ಮುಂದೆ ಹೋಗಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ, ಬಳಿಕ ಆ ಪದ್ಧತಿಯೇ ಬಿಟ್ಟುಹೋಗುತ್ತದೆ. ಆಶೀರ್ವಾದ ಕೊಡುವ ಹಕ್ಕು ತಂದೆಗೆ ಮಾತ್ರ ಎಂಬ ನಿಯಮ ಎಲ್ಲೂ ಇಲ್ಲ. ಧರ್ಮಸಭೆಯ ಆಶೀರ್ವಾದ ವಿಧಿಗಳ ಪುಸ್ತಕದಲ್ಲೇ ತಂದೆತಾಯಂದಿರಿಬ್ಬರೂ ತಮ್ಮ ಮಕ್ಕಳನ್ನು ಆಶೀರ್ವದಿಸುವ ವಿಧಿಯಿದೆ. ತಾಯಿ ಕೊಡಲಿ. ತಾಯಿಯೂ ಇಲ್ಲದ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಇಲ್ಲವೇ ಅಕ್ಕ ತಮ್ಮಂದಿರ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ ಮಲಗಲು ಕಳುಹಿಸಲಿ.